ಕಾಗದದ ದಿನ

ನಮ್ಮ ತಾರಸಿಯ ಮೇಲೆ ಹನ್ನೊಂದು ವರ್ಷ ಒಂದು ಯಂತ್ರ ನಿಂತಿತ್ತು. ಅದನ್ನು ಇಳಿಸಿಕೊಂಡು ಹೋದ ಮೇಲೆ ನಾಲ್ಕು ಕಾಲುಗಳ ತುಕ್ಕಿನ ಗುರುತು ಮಾತ್ರ ಉಳಿದಿದೆ. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಈಗಲೂ ಆ ಜಾಗವನ್ನು ಸುತ್ತಿಕೊಂಡೇ ಓಡಾಡುತ್ತೇನೆ. ಅಭ್ಯಾಸ ಬಿಡಿಸಿಕೊಳ್ಳುವಷ್ಟು ಹುರುಪು ನನ್ನಲ್ಲಿ ಉಳಿದಿಲ್ಲ.

ಅದು ಬಂದದ್ದು ೨೦೦೮ರಲ್ಲಿ. ಆಗ ನಾನು ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ; ಮನೆ ಬಾಗಲಗುಂಟೆ. ಊರ ಗಾಳಿಯಲ್ಲಿ ಧೂಳು ಎಷ್ಟಿದೆ, ಸೆಕೆ ಎಷ್ಟಿದೆ ಎಂದು ವರ್ಷಾನುಗಟ್ಟಲೆ ಅಳೆಯಬೇಕು, ಅದಕ್ಕೆ ಕಾಲೇಜಿನ ಕಟ್ಟಡ ಬೇಡ, ಜನ ವಾಸವಿರುವ ಬೀದಿಯಲ್ಲಿ ಒಂದು ಮನೆಯ ತಾರಸಿ ಬೇಕು ಎಂದು ಪ್ರಯೋಗಾಲಯದವರು ಬರೆದ ಪತ್ರ ಟೈಪಿಗಾಗಿ ನನ್ನ ಮೇಜಿಗೆ ಬಂತು. ಟೈಪ್ ಮಾಡುತ್ತಿದ್ದಂತೆಯೇ ನಮ್ಮ ತಾರಸಿ ಖಾಲಿ ಬಿದ್ದಿದೆಯಲ್ಲ ಅನ್ನಿಸಿತು. ಗಂಡನನ್ನು ಕೇಳಲಿಲ್ಲ. ಅತ್ತೆಯನ್ನಂತೂ ಕೇಳಲೇ ಇಲ್ಲ. ಆ ವಯಸ್ಸಿನಲ್ಲಿ ನನಗೆ ಎಲ್ಲದಕ್ಕೂ ಮುಂದೆ ಬಿದ್ದು ಹೂಂ ಅನ್ನುವ ಚಾಳಿ ಇತ್ತು.

ಯಂತ್ರವೆಂದರೆ ಆಳೆತ್ತರದ ಒಂದು ತಗಡಿನ ಪೆಟ್ಟಿಗೆ, ಮೇಲೆ ಪುಟ್ಟ ಮನೆಯ ಹಾಗೆ ಇಳಿಜಾರು ಮುಚ್ಚಳ. ಒಳಗಿನ ಮೋಟಾರು ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಾಯಿಯ ಹತ್ತಿರ ನೋಟುಬುಕ್ಕಿನ ಹಾಳೆಯಷ್ಟು ದೊಡ್ಡ ಬಿಳಿ ಕಾಗದ ಕೂರಿಸಿರುತ್ತಾರೆ. ಒಂದು ಹಗಲು ಒಂದು ರಾತ್ರಿ ಊರ ಗಾಳಿ ಆ ಕಾಗದದ ಮೂಲಕ ಹಾದು ಹೋದರೆ ಧೂಳು ಅದರ ಮೇಲೆ ಉಳಿಯುತ್ತದೆ. ಮುಂಚೆ ಒಮ್ಮೆ ತೂಕ, ಆಮೇಲೆ ಒಮ್ಮೆ ತೂಕ. ಇಷ್ಟೇ ವಿಜ್ಞಾನ. ಪಕ್ಕದಲ್ಲಿ ಬಿಳಿ ಬಣ್ಣ ಬಳಿದ ಮರದ ಗೂಡು, ಅದರೊಳಗೆ ದಿನದ ಹೆಚ್ಚಿನ ಉಷ್ಣತೆಗೊಂದು, ಕಡಿಮೆ ಉಷ್ಣತೆಗೊಂದು ಥರ್ಮಾಮೀಟರು. ಅವನ್ನು ಪ್ರತಿದಿನ ಬೆಳಗ್ಗೆ ಎಂಟೂವರೆಗೆ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೆರಡು ವರ್ಷ ಅಂದುಕೊಂಡು ಒಪ್ಪಿದ್ದೆ.

ಕಾಗದದ ಕೆಲಸ ಪ್ರಯೋಗಾಲಯದ ಮೇಷ್ಟ್ರದು. ವಿಜಯಪುರದ ಕಡೆಯವರು, ಸಣಕಲು ಮೈ, ಹಳೇ ಸ್ಕೂಟರು. ಆರು ದಿನಕ್ಕೊಮ್ಮೆ ಬಂದು ಕಾಗದ ಕೂರಿಸುವುದು, ಮಾರನೆಯ ದಿನ ಅದೇ ಹೊತ್ತಿಗೆ ತೆಗೆಯುವುದು. ಈ ಸಲ ಸೋಮವಾರವಾದರೆ ಮುಂದಿನ ಸಲ ಭಾನುವಾರ, ಅದರಾಚೆ ಶನಿವಾರ. ವಾರದ ಎಲ್ಲ ದಿನಕ್ಕೂ ಸರದಿ ಸಿಗಲಿ ಎಂದು ಹಾಗೆ. ಮೊದಲ ದಿನ ಹಿತ್ತಿಲನ್ನೂ ಬೀದಿಯನ್ನೂ ನೋಡಿ, ‘ಸಮೀಪದಲ್ಲಿ ಸೌದೆಯ ಒಲೆ ಇದೆ’ ಎಂದು ಫಾರಮ್ಮಿನಲ್ಲಿ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನೋಡ್ರಿ ಮೇಡಮ್ಮಾರ, ನೀವು ಹೆಂಗಿದ್ದೀರಿ ಹಂಗ ಇರ್ರಿ. ಯಂತ್ರ ಐತಿ ಅಂತ ಏನೂ ಬದಲ ಮಾಡಬ್ಯಾಡ್ರಿ” ಅಂದರು.

ಅವರು ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾನು ಅದನ್ನು ಕೆಳಗೆ ತಂದು ಉಲ್ಟಾ ಹೇಳಿದೆ.

ಆ ಒಲೆ ಅತ್ತೆಯದು. ಹಿತ್ತಿಲಲ್ಲಿ ಶೀಟು ಹೊದಿಸಿದ ಬಚ್ಚಲು, ಮಣ್ಣಿನ ಒಲೆಯಲ್ಲಿ ಹೂತು ಕೂರಿಸಿದ ತಾಮ್ರದ ಹಂಡೆ. ಬಾಗಲಗುಂಟೆ ಹಳ್ಳಿಯಾಗಿದ್ದ ಕಾಲದಿಂದ ಅವರ ಮನೆತನ ಇಲ್ಲಿಯದೇ. ಹೊಲವೆಲ್ಲ ಲೇಔಟಾಗಿ ಹೋಗಿ ಉಳಿದದ್ದು ಈ ಮನೆ, ನಾಲ್ಕು ತೆಂಗಿನ ಮರ, ಆ ಹಂಡೆ. ಬೆಳಗ್ಗೆ ಐದಕ್ಕೆ ಗರಿ, ಮಟ್ಟೆ, ಕಟ್ಟಡದವರು ಬಿಸಾಡಿದ ಮರದ ಚೂರು ತುರುಕಿ ಅತ್ತೆ ಉರಿ ಹಾಕಿದರೆ ಮನೆ ಮಂದಿಗೆಲ್ಲ ನೀರು. ನನಗೆ ಆ ಒಲೆ ಕಂಡರೆ ಆಗುತ್ತಿರಲಿಲ್ಲ. ಒಗೆದ ಬಟ್ಟೆಯ ಮೇಲೆ ಮಸಿ ಕೂರುತ್ತಿತ್ತು, ಕಚೇರಿಯಲ್ಲಿ ಕೂತಾಗ ನನ್ನ ತಲೆಗೂದಲಿನ ಹೊಗೆ ನನಗೇ ವಾಸನೆ ಬರುತ್ತಿತ್ತು. ಗೀಸರ್ ಹಾಕಿಸೋಣ ಅಂದರೆ ಅತ್ತೆ, “ಆ ನೀರ್ನಾಗೆ ಮೈ ಕಾಯಾಕಿಲ್ಲ ಓಗು” ಅನ್ನುತ್ತಿದ್ದರು. ಈಗ ನನ್ನ ಕೈಗೆ ಒಂದು ಯಂತ್ರ ಸಿಕ್ಕಿತ್ತು. “ಮೇಷ್ಟ್ರು ಒಲೆ ಹಚ್ಚಲೇಬಾರದು ಅಂದಿದಾರೆ ಅತ್ತೆ, ಸರ್ಕಾರದ ಕೆಲಸ ಇದು” ಅಂದುಬಿಟ್ಟೆ. ಕೂದಲೆಳೆಯಷ್ಟೂ ನಾಚಿಕೆಯಾಗಲಿಲ್ಲ.

ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ತಾರಸಿ ಕಡೆ ನೋಡಿದರು. “ಊರ್ ಒಗೆ ಅಳೆಯಾಕೆ ನನ್ ಒಲೆ ಆರಿಸ್ಬೇಕಾ? ಯಾವೂರ್ ನ್ಯಾಯವೇ ಇದು?”

ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಅವರೇ ಒಂದು ರಾಜಿ ತಂದರು. ಮೇಷ್ಟ್ರು ಕಾಗದ ಹಾಕುವ ದಿನವೂ, ಮಾರನೆಯ ಬೆಳಗ್ಗೆ ಅದನ್ನು ತೆಗೆಯುವವರೆಗೂ ಒಲೆ ಹಚ್ಚುವುದಿಲ್ಲ, ಮಿಕ್ಕ ನಾಲ್ಕು ದಿನ ತಮ್ಮ ತಂಟೆಗೆ ಯಾರೂ ಬರಕೂಡದು. ನಾನು ಒಪ್ಪಿದೆ, ಒಪ್ಪದೆ ಹೋದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಅತ್ತೆಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆರಾರು ದಿನ ಎಣಿಸಿ, ಬೆರಳ ತುದಿಯಲ್ಲಿ ಅರಿಶಿನ ಅದ್ದಿ ಒಂದೊಂದು ಬೊಟ್ಟು ಇಟ್ಟರು. ಏಕಾದಶಿ, ಅಮಾವಾಸ್ಯೆಯ ಜೊತೆಗೆ ನಮ್ಮ ಮನೆಯಲ್ಲಿ ಇನ್ನೊಂದು ದಿನ ಹುಟ್ಟಿತು. ಅದಕ್ಕೆ ಅವರೇ ಇಟ್ಟ ಹೆಸರು ‘ಕಾಗದದ ದಿನ’.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೇಷ್ಟ್ರು ಮೊದಲ ತಿಂಗಳು ಇಳಿಸಿಕೊಂಡು ಹೋದ ಒಂದು ಕಾಗದವನ್ನು ಅತ್ತೆ ನೋಡಿದ್ದರು. ಬೆಳ್ಳಗೆ ಹೋದದ್ದು ಮಾಸಿದ ಪಂಚೆಯ ಬಣ್ಣಕ್ಕೆ ಬಂದಿತ್ತು. ಅತ್ತೆಗೆ ಅದು ಊರಿನ ಧೂಳು ಎಂದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. “ಪೆಟ್ಗೆ ನಮ್ಮನೆ ಮ್ಯಾಗದೆ. ಇವ್ರ್ ಮನೇಲಿ ಇಷ್ಟ್ ಕಸ ಅದೆ ಅಂತ ತಾನೆ ಬರ್ಕಂಡೋಗೋದು?” ಅಂದರು. ಅಂದಿನಿಂದ ಕಾಗದದ ಹಿಂದಿನ ದಿನ ಅತ್ತೆ ಬೀದಿಗಿಳಿದರು. “ನಾಳೆ ಕಾಗ್ದ ಅದೆ, ಕಸಕ್ಕೆ ಬೆಂಕಿ ಇಕ್ಬೇಡ್ರವ್ವಾ.” “ನಾಳೆ ಮೆಣಸಿನ್ಕಾಯಿ ಉರೀಬೇಡ ಕಣೆ.” ಎದುರು ಮನೆಯ ಗದಗಿನ ಕಡೆಯ ಹೆಂಗಸು ರೊಟ್ಟಿ ಒಲೆಯನ್ನು ಮಾರನೆಯ ದಿನಕ್ಕೆ ಮುಂದೂಡಿದಳು. ಬೆಳಗ್ಗೆ ಅರ್ಧ ಬೀದಿಯ ಹೆಂಗಸರು ಬಿಂದಿಗೆ ಹಿಡಿದು ರಸ್ತೆಗೆಲ್ಲ ನೀರು ಚಿಮುಕಿಸಿ ಧೂಳು ಅಡಗಿಸಿದರು. ಹೆಣ್ಣು ನೋಡಲು ಬರುವವರಿಗೆ ಮನೆ ಸಾರಿಸಿದ ಹಾಗೆ ನಮ್ಮ ಬೀದಿ ಆರು ದಿನಕ್ಕೊಮ್ಮೆ ಸಿಂಗರಿಸಿಕೊಳ್ಳತೊಡಗಿತು. ಒಂದು ವರ್ಷ ದೀಪಾವಳಿಯ ಎಣ್ಣೆಸ್ನಾನ ಕಾಗದದ ದಿನವೇ ಬಿತ್ತು. ಆವತ್ತು ಅತ್ತೆ ಗ್ಯಾಸಿನ ಮೇಲೆ ಪಾತ್ರೆ ಪಾತ್ರೆ ನೀರು ಕಾಯಿಸಿ ಎಲ್ಲರಿಗೂ ಶಾಪ ಹಾಕುತ್ತಲೇ ಎರೆದರು. ಬೀದಿಯ ಮಕ್ಕಳನ್ನು ಪಟಾಕಿ ಸಮೇತ ಆಚೆ ಬೀದಿಗೆ ಅಟ್ಟಿದರು.

ಮೇಷ್ಟ್ರಿಗೆ ಇದು ಒಂದೂ ಗೊತ್ತಾಗಲಿಲ್ಲ. ಅವರು ಬರುವುದು ಒಂಬತ್ತರ ಮೇಲೆ. ಆ ಹೊತ್ತಿಗೆ ಯಾವ ದಿನವಾದರೂ ಒಲೆ ಆರಿಯೇ ಇರುತ್ತಿತ್ತು. ನಾನು ಹೇಳಬಹುದಿತ್ತು. ಪ್ರತಿ ಸಲ ಕಾಫಿ ಕೊಡುವಾಗ ಹೇಳಬೇಕು ಅಂದುಕೊಳ್ಳುತ್ತಿದ್ದೆ, ಹಾಗೆ ಹೇಳಿದರೆ ಮೊದಲ ದಿನದ ಸುಳ್ಳನ್ನೂ ಹೇಳಬೇಕಾಗುತ್ತದೆ ಎಂದು ಸುಮ್ಮನಾಗುತ್ತಿದ್ದೆ.

ಯಂತ್ರ ಬಂದ ಮರುವರ್ಷ ಮಗಳು ಹುಟ್ಟಿದಳು. ಅತ್ತೆಯ ಮಡಿಲಲ್ಲೇ ಬೆಳೆದಳು ಅನ್ನಬೇಕು. ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು, ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸಿ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದರು. ಎರೆಯುವಾಗ ಬಚ್ಚಲಲ್ಲಿ ಕಣ್ಣು ಬಿಡಲಾಗದಷ್ಟು ಹೊಗೆ ಇರುತ್ತಿತ್ತು.

ಆರನೇ ವರ್ಷಕ್ಕೆ ಮಗಳಿಗೆ ಉಬ್ಬಸ ಶುರುವಾಯಿತು. ಮೊದಲು ನೆಗಡಿ ಅಂದುಕೊಂಡೆವು, ಆಮೇಲೆ ಧೂಳಿನ ಅಲರ್ಜಿ ಅಂದರು. ಒಂದು ಬೆಳಗ್ಗೆ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೇದಿಕೊಳ್ಳುವಷ್ಟು ಕಷ್ಟಪಟ್ಟು ಉಸಿರೆಳೆಯುತ್ತಿದ್ದವಳನ್ನು ಎತ್ತಿಕೊಂಡು ನಾನೂ ಅತ್ತೆಯೂ ದಾಸರಹಳ್ಳಿಯ ಆಸ್ಪತ್ರೆಗೆ ಓಡಿದೆವು. ಮುಖಕ್ಕೆ ಹೊಗೆಯಂಥ ಔಷಧಿಯ ಮುಖವಾಡ ಕಟ್ಟಿದ ಮೇಲೆ ಡಾಕ್ಟರು ಕೇಳಿದರು, “ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ? ಸೌದೆ ಒಲೆ ಇದೆಯಾ?”

ಅತ್ತೆ ಪಕ್ಕದ ಕುರ್ಚಿಯಲ್ಲಿ ಮಗಳ ಚಪ್ಪಲಿ ಹಿಡಿದುಕೊಂಡು ಕೂತಿದ್ದರು. ನಾನು ಅವರ ಮುಖವನ್ನೂ ನೋಡದೆ, “ಇದೆ ಡಾಕ್ಟ್ರೇ, ಏಳು ವರ್ಷದಿಂದ ಬಾಯ್ ಬಡ್ಕೋತಿದೀನಿ, ಯಾರ್ ಕೇಳ್ಬೇಕು?” ಅಂದೆ. ಹೆದರಿಕೆಯಲ್ಲಿ ಆಡಿದ ಮಾತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಅಷ್ಟು ಹೆದರಿಕೆಯಲ್ಲೂ ಗೆದ್ದೆ ಅನ್ನಿಸಿತ್ತು.

ಮಾರನೆಯ ಬೆಳಗ್ಗೆ ಹಿತ್ತಿಲಲ್ಲಿ ದಬದಬ ಸದ್ದು ಕೇಳಿ ಎದ್ದು ಹೋದೆ. ಅತ್ತೆ ಹಾರೆಯಿಂದ ಒಲೆ ಒಡೆಯುತ್ತಿದ್ದರು. ಮಣ್ಣನ್ನೆಲ್ಲ ತೆಂಗಿನ ಬುಡಕ್ಕೆ ಸುರಿದರು. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಮೆಟ್ಟಿಲ ಕೆಳಗೆ ಕವುಚಿ ಹಾಕಿದರು. ಮುಂದಿನ ಕಾಗದದ ದಿನ ಮೇಷ್ಟ್ರು ಬಂದಾಗ ಮೆಟ್ಟಿಲಿಗೆ ಅಡ್ಡ ನಿಂತರು.

“ಸ್ವಾಮಿ, ನಿಮ್ ಕಾಗ್ದ ನೋಡಿ ಒಂದ್ ಮಾತ್ ಏಳ್ರಿ. ಆ ಮಗೀಗೆ ಇಂಗಾಗಿದ್ದು ನನ್ ಒಲೆ ಒಗೆಯಿಂದ್ಲಾ?”

ಮೇಷ್ಟ್ರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. “ಅಮ್ಮಾರ, ಒಂದ ವರ್ಷ ಎರಡ ವರ್ಷದ್ದು ನೋಡಿ ಹೇಳಾಕ ಬರಂಗಿಲ್ರಿ. ಮಳಿ ಚಲೋ ಆದ ವರ್ಷ ಧೂಳು ಕಡಿಮಿ ಕಾಣತೈತಿ, ಮಳಿ ಹೋದ ವರ್ಷ ಜಾಸ್ತಿ. ಬಾಳ ವರ್ಷದ್ದು ಒಟ್ಟಿಗೆ ಇಟ್ಟು ನೋಡಬೇಕ್ರಿ” ಅಂದರು.

“ಆಗ್ಲಿ, ಕಾಯ್ತೀನಿ” ಅಂದರು ಅತ್ತೆ.

ಕಾದರು ಕೂಡ. ಒಲೆ ಇಲ್ಲದ ಮೇಲೂ ಕ್ಯಾಲೆಂಡರಿಗೆ ಬೊಟ್ಟು ಇಡುವುದನ್ನು ಬಿಡಲಿಲ್ಲ. ಮೊಮ್ಮಗಳು ಕೆಮ್ಮಿದಾಗಲೆಲ್ಲ ಅವರು ಮಾಡುತ್ತಿದ್ದ ಕೆಲಸ ಕೈಯಲ್ಲೇ ನಿಂತುಹೋಗುತ್ತಿತ್ತು. ಕೆಮ್ಮು ನಿಂತರೆ ಮುಂದುವರಿಸುತ್ತಿದ್ದರು. ಒಲೆ ಹೋಗಿ ವರ್ಷವಾದರೂ ಕೆಮ್ಮು ಹೋಗಲಿಲ್ಲ. “ಮೊದ್ಲೇ ಸೇರ್ಕಂಡದಲ್ಲ ಒಳಕ್ಕೆ” ಅಂತ ಅದಕ್ಕೂ ಅವರೇ ಉತ್ತರ ಹೇಳಿಕೊಂಡರು. ಗೀಸರಿನ ನೀರಲ್ಲಿ ಸ್ನಾನ ಮಾಡಿ ಬಂದು ಸುಮ್ಮನೆ ಕೂರುತ್ತಿದ್ದರು. ನನಗೆ ಬೇಕಾಗಿದ್ದುದು ಅದೇ ತಾನೆ. ಆದರೂ ಅವರನ್ನು ಹಾಗೆ ನೋಡಲು ಆಗುತ್ತಿರಲಿಲ್ಲ.

ಈ ನಡುವೆ ಊರು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಹೆಸರಘಟ್ಟ ರಸ್ತೆಯನ್ನು ಕೊಳವೆಗೆಂದು ಅಗೆದರು, ಮುಚ್ಚಿದರು, ಇನ್ನೊಂದು ಕೊಳವೆ ಮರೆತಿದ್ದೇವೆಂದು ಮತ್ತೆ ಅಗೆದರು. ರಸ್ತೆ ಅಗಲವಾಗಲಿ ಎಂದು ಸಾಲುಮರ ಹೋದವು. ಕಾಲೇಜಿನ ಬಸ್ಸಿನಲ್ಲಿ ಕಿಟಕಿ ತೆಗೆದರೆ ಬಾಯಲ್ಲಿ ಮಣ್ಣು, ಮುಚ್ಚಿದರೆ ಬೇಯುವುದು. ಚಿಕ್ಕಬಾಣಾವರದ ಕಡೆಗೆ ಹೋದರೆ ಲಾರಿಗಳು ಎಂಜಿನ್ ಆರಿಸದೆ ಸಾಲಾಗಿ ನಿಂತಿರುತ್ತಿದ್ದವು. ನಮ್ಮ ಬೀದಿಗೆ ನೀರು ಚಿಮುಕಿಸುತ್ತಿದ್ದ ಹೆಂಗಸರಿಗೆ ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರತೊಡಗಿತು. ಆ ಟ್ಯಾಂಕರು ಎಬ್ಬಿಸುವ ಧೂಳಿಗೆ ಯಾರ ಬಿಂದಿಗೆಯೂ ಸಾಲದಾಯಿತು. ಕಸಕ್ಕೆ ಬೆಂಕಿ ಇಡುವುದನ್ನು ಮಾತ್ರ ಕಾಗದದ ದಿನ ಕೊನೆಯವರೆಗೂ ಯಾರೂ ಮಾಡಲಿಲ್ಲ. ಅತ್ತೆಯ ಬಾಯಿಗೆ ಅಷ್ಟು ಹೆದರುತ್ತಿದ್ದರು.

ನನ್ನ ಪುಸ್ತಕದ ಕಥೆಯೂ ಬೇರೆಯಲ್ಲ. ಹಗಲಿನ ಅಂಕಿಗಿಂತ ಕೆಳಗಿನ ಅಂಕಿ, ಅಂದರೆ ಬೆಳಗಿನ ಜಾವದ ತಂಪು, ನನ್ನನ್ನು ಹೆಚ್ಚು ಸುಸ್ತು ಮಾಡಿತು. ಅದು ಮೊದಲಿನಂತೆ ಕೆಳಗಿಳಿಯುತ್ತಲೇ ಇರಲಿಲ್ಲ. ಸುತ್ತ ಎದ್ದ ಗೋಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಬಿಡುತ್ತಿದ್ದವು. ಮದುವೆಯಾಗಿ ಬಂದ ಹೊಸತರಲ್ಲಿ ಶಿವರಾತ್ರಿಯವರೆಗೂ ಕಂಬಳಿ ಹೊದೆಯುತ್ತಿದ್ದ ಮನೆಯಲ್ಲಿ ಸಂಕ್ರಾಂತಿಗೇ ಫ್ಯಾನು ತಿರುಗತೊಡಗಿತು. ನಾನು ಬರೆದೆ. ಜ್ವರ ಬಂದ ದಿನವೂ ಬರೆದೆ, ಮಗಳನ್ನು ಆಸ್ಪತ್ರೆಯಲ್ಲಿ ಮಲಗಿಸಿ ಬಂದ ದಿನವೂ ಬರೆದೆ. ಮೊದಮೊದಲು ಅಂಕಿ ಏರಿದರೆ ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಆಮೇಲೆ ಹಲ್ಲುಜ್ಜಿದ ಹಾಗೆ ಬರೆದು ಕೆಳಗಿಳಿಯುತ್ತಿದ್ದೆ. ಯಾರೂ ಕೇಳದ ಪ್ರಶ್ನೆಗೆ ದಿನಾ ಉತ್ತರ ಬರೆಯುವುದು ಎಂಥ ದಣಿವು ಎಂದು ಬರೆದವರಿಗೇ ಗೊತ್ತು.

೨೦೧೯ರಲ್ಲಿ ಯಂತ್ರ ತೆಗೆಯುವುದೆಂದು ತೀರ್ಮಾನವಾಯಿತು. ಅದರ ಮೋಟಾರು ಹಳತಾಗಿತ್ತು, ನಮ್ಮ ತಾರಸಿಯ ಮೂರು ಕಡೆಯೂ ನಾಲ್ಕಂತಸ್ತಿನ ಕಟ್ಟಡಗಳೆದ್ದು ಗಾಳಿಯೇ ಆಡುತ್ತಿರಲಿಲ್ಲ. ಇಳಿಸಿ ಟೆಂಪೋಗೆ ಹಾಕಿಸಿದ ಮೇಲೆ ಮೇಷ್ಟ್ರು ಅತ್ತೆಗೆ ಹೇಳಿ ಹೋಗಲು ಒಳಗೆ ಬಂದರು. ಅತ್ತೆಗೆ ಮಂಡಿ ನೋವು. ನಡುಮನೆಯ ಮಂಚದ ಮೇಲೇ ಇರುತ್ತಿದ್ದರು. ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗಳು ಶಾಲೆಗೆ ರಜೆ ಹಾಕಿ ಕೂತಿದ್ದಳು. ಹಿಂದಿನ ದಿನವೆಲ್ಲ ಉಬ್ಬಸ.

ಮೇಷ್ಟ್ರು ಮಾತು ಮರೆತಿರಲಿಲ್ಲ. ಲಕೋಟೆಯಿಂದ ಕಾಗದಗಳನ್ನು ತೆಗೆದು ಮಂಚದ ಮೇಲೆ ಸಾಲಾಗಿ ಹಾಸಿದರು. ವಿದ್ಯಾರ್ಥಿಗಳಿಗೆ ತೋರಿಸಲೆಂದು ವರ್ಷಕ್ಕೊಂದರಂತೆ ಎತ್ತಿಟ್ಟಿದ್ದವು, ಎಲ್ಲವೂ ಬೇಸಿಗೆಯ ಒಂದೇ ತಿಂಗಳಿನವು. ಮೊದಲನೆಯದು ಅದೇ ಮಾಸಿದ ಪಂಚೆ. ನಡುವೆ ಒಂದೆರಡು ಸ್ವಲ್ಪ ತಿಳಿಯಾಗಿದ್ದವು. ಆ ವರ್ಷಗಳಲ್ಲಿ ಮಳೆ ಬೇಗ ಬಂದಿತ್ತಂತೆ. ಅವನ್ನು ಬಿಟ್ಟರೆ ಒಂದಕ್ಕಿಂತ ಒಂದು ಕಪ್ಪಾಗುತ್ತ ಹೋಗಿ ಕೊನೆಯದು ರೊಟ್ಟಿ ಹೆಂಚಿನ ತಳದಂತಿತ್ತು.

“ಏರ್ಕೋತ ಹೋಗೇತಿ, ಅದು ಖರೇ. ಆದ್ರ ನಿಮ್ಮ ಪ್ರಶ್ನಾಕ್ಕ ನನ್ನ ಹತ್ರ ಉತ್ತರ ಇಲ್ರಿ ಅಮ್ಮಾರ” ಅಂದರು. ಪಕ್ಕದಲ್ಲೇ ಸೌದೆ ಒಲೆ ಇತ್ತೆಂದು ಫಾರಮ್ಮಿನಲ್ಲಿ ಇದೆ, ಹಾಗಾಗಿ ಒಲೆ ಇದ್ದ ಅಷ್ಟೂ ವರ್ಷದ ಕಪ್ಪಿನಲ್ಲಿ ಒಲೆಯದೆಷ್ಟು, ಊರಿನದೆಷ್ಟು ಎಂದು ಬೇರೆ ಮಾಡಲು ಬರುವುದಿಲ್ಲ. ಪ್ರಯೋಗಾಲಯದ ದೊಡ್ಡವರೂ ವರದಿಯಲ್ಲಿ ಹಾಗೇ ಬರೆದು ನಮ್ಮ ತಾರಸಿಯ ಲೆಕ್ಕವನ್ನು ಬದಿಗಿಟ್ಟರಂತೆ.

ಅತ್ತೆ ತಲೆ ತಗ್ಗಿಸಿ ಕಾಗದಗಳನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, “ನಿಮ್ ಕಾಗ್ದದ ದಿನ ನಾನ್ ಒಲೆ ಹಚ್ಚೇ ಇಲ್ವಲ್ಲ ಸ್ವಾಮಿ” ಅಂದರು.

“ಅಂದ್ರ?”

ಅತ್ತೆ ಗೋಡೆ ಕಡೆ ಕೈ ತೋರಿಸಿದರು. ಹಳೇ ಕ್ಯಾಲೆಂಡರನ್ನು ಅವರು ಎಂದೂ ಬಿಸಾಡಿದವರಲ್ಲ. ಒಂದೇ ಮೊಳೆಗೆ ಒಂದರ ಮೇಲೊಂದು, ಅಷ್ಟೂ ವರ್ಷದವು ತೂಗುತ್ತಿದ್ದವು. ಮೇಷ್ಟ್ರು ಎದ್ದು ಹಾಳೆ ಮಗುಚಿದರು. ಆರು ದಿನಕ್ಕೊಂದು ಅರಿಶಿನದ ಬೊಟ್ಟು. “ಒಂದಿನಾನೂ ತಪ್ಪಿಸಿಲ್ಲ” ಎಂದು ಅತ್ತೆ ಬೀದಿಗೆ ನೀರು ಹಾಕಿಸಿದ್ದು, ಕಸ ಸುಡದಂತೆ ನೋಡಿಕೊಂಡದ್ದು ಎಲ್ಲವನ್ನೂ ಹೆಮ್ಮೆಯಿಂದಲೇ ಹೇಳಿದರು. ಮೇಷ್ಟ್ರು ಹಾಗೇ ನೆಲದ ಮೇಲೆ ಕೂತುಬಿಟ್ಟರು.

“ಹನ್ನೊಂದ ವರ್ಷ ನನಗ ಮದುವಿ ಮನಿ ತೋರಿಸೀರಲ್ರೀ! ನಾ ಕೇಳಿದ್ದು ದಿನದ ಮನಿ!” ಅವರು ದನಿ ಏರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಯಾರ ಹೇಳಿದ್ರಿ ನಿಮಗ ಒಲಿ ಆರಿಸ್ರಿ ಅಂತ?”

ಅತ್ತೆ ನನ್ನನ್ನು ನೋಡಿದರು. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ನಾನೇ ಸಾರ್” ಅಂದೆ. “ನೀವು ಏನೂ ಬದಲಾಯಿಸಬೇಡಿ ಅಂದಿದ್ರಿ. ನಂಗೆ ಆ ಒಲೆ ಬೇಡವಾಗಿತ್ತು, ನಿಮ್ಮ ಹೆಸರು ಹೇಳಿದೆ.” ಬೈದಿದ್ದರೆ ವಾಸಿಯಿತ್ತು.

ಮೇಷ್ಟ್ರು ಮೊದಲ ಕಾಗದ ಎತ್ತಿ ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ತಾರೀಖು ಓದಿ, ಆ ವರ್ಷದ ಕ್ಯಾಲೆಂಡರು ತೆಗೆದು ನೋಡಿದರು. ಬೊಟ್ಟು ಇತ್ತು. ಎರಡನೆಯದಕ್ಕೂ ಇತ್ತು. ಒಂದೊಂದಾಗಿ ಎಲ್ಲವನ್ನೂ ತಾಳೆ ಹಾಕಿದರು. ಕೊನೆಯದನ್ನು ಇಟ್ಟಾಗ ಅವರ ಸಿಟ್ಟು ಇಳಿದಿತ್ತು.

“ಅಮ್ಮಾರ, ಇಲ್ಲಿ ನೋಡ್ರಿ. ಈ ಒಂದ ಕಾಗದದಾಗೂ ನಿಮ್ಮ ಒಲಿ ಇಲ್ಲ. ಒಲಿ ಹೊಗಿ ಕೂಸಿಗೆ ಒಳ್ಳೇದು ಅಂತ ನಾ ಹೇಳಂಗಿಲ್ಲ, ಅದೂ ಕೆಟ್ಟದ್ದ. ಆದ್ರ ನೀವು ಒಲಿ ಹಚ್ಚದ ದಿನ, ಓಣಿ ಮಂದಿ ಎಲ್ಲಾ ಹೊಗಿ ನಿಲ್ಲಿಸಿದ ದಿನ ಸೈತ ಇಷ್ಟ ಕರೀ ಕುಂತೈತಿ. ವರ್ಷಾ ವರ್ಷಾ ಏರೇತಿ. ಇದು ನಿಮ್ಮದಲ್ರಿ. ಇದು ಊರಿಂದು.”

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅತ್ತೆಯ ಕೈ ಹಿಡಿದುಕೊಂಡು, “ಕೇಳಿದ್ರಾ ಅತ್ತೆ? ನಿಮ್ಮ ಒಲೆದಲ್ಲ ಇದು. ನಾನ್ ಆವತ್ತು ಆಸ್ಪತ್ರೇಲಿ ಅಂದಿದ್ದು ತಪ್ಪು” ಅಂದೆ. ನಾಲ್ಕು ವರ್ಷದಿಂದ ಹೇಳಬೇಕೆಂದಿದ್ದ ಮಾತು ಕೊನೆಗೂ ಹೊರಗೆ ಬಂತು. ಅವರು ಖುಷಿಪಡುತ್ತಾರೆ ಎಂದು ನಾನು ಕಾದೆ.

ಅತ್ತೆ ಕೊನೆಯ ಕಾಗದದ ಮೇಲೆ ಬೆರಳು ಆಡಿಸಿ, ಅಂಟಿದ ಕಪ್ಪನ್ನು ನೋಡಿಕೊಂಡರು. ಮೊಮ್ಮಗಳು ಕೆಮ್ಮಿದಳು, ಅವರ ಬೆರಳು ಅಲ್ಲೇ ನಿಂತಿತು. ಕೆಮ್ಮು ನಿಂತ ಮೇಲೆ ಅಂದರು:

“ನನ್ ಒಲೆದೇ ಆಗಿದ್ರೆ ಚೆನ್ನಾಗಿತ್ತು ಕಣೆ. ಆರಿಸ್ಬೋದಾಗಿತ್ತು.”